ಕೇಳದೆ ಬಿಚ್ಚಿದ ಎಂಜಿನ್

ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಹಳೆಯ ಕಂಪ್ರೆಸರಿನ ಒಂದು ಬೋಲ್ಟ್ ಜಪ್ಪಯ್ಯ ಎಂದರೂ ತಿರುಗಲಿಲ್ಲ. ಅದಕ್ಕೆ ಇಂಚಿನ ಅಳತೆಯ ಸ್ಪ್ಯಾನರ್ ಬೇಕು. ಅಂಥ ಸ್ಪ್ಯಾನರುಗಳು ಇದ್ದದ್ದು ಕಾಪುವಿನ ಮನೆಯ ಕಾರ್ ಶೆಡ್ಡಿನಲ್ಲಿ, ಲೊರ್ನಾಳ ತಂದೆ ಅಲೋಶಿಯಸ್ ಬಿಟ್ಟುಹೋದ ಮರದ ಪೆಟ್ಟಿಗೆಯಲ್ಲಿ. ಕೆಲಸದವರನ್ನು ಕಳುಹಿಸಿದರೆ ಬೇರೆ ಯಾವುದನ್ನೋ ಹಿಡಿದುಕೊಂಡು ಬಂದಾರೆಂದು ಪ್ಲಾಂಟಿನ ಒಡತಿ ಲೊರ್ನಾಳೇ ಸ್ಕೂಟರ್ ಹತ್ತಿ ಹೊರಟಳು. ಮಂಜುಗಡ್ಡೆಗಾಗಿ ಬೋಟಿನವರು ಫೋನಿನ ಮೇಲೆ ಫೋನ್ ಮಾಡುತ್ತಿದ್ದರು. ಏಪ್ರಿಲಿನ ಬಿಸಿಲಿಗೆ ಹೈವೇಯ ಟಾರು ಕಾಲಿಗೆ ಶಾಖ ಕೊಡುತ್ತಿತ್ತು. ಮನೆಗೆ ಬಂದು ಶೆಡ್ಡಿನ ಬಾಗಿಲು ತೆಗೆದರೆ ಸ್ಪ್ಯಾನರಿನ ಪೆಟ್ಟಿಗೆ ಇದ್ದಲ್ಲೇ ಇತ್ತು. ಕಾರು ಇರಲಿಲ್ಲ.

ಅದು ದಾರಿಯಲ್ಲಿ ನಾಲ್ಕು ಕಾಣಸಿಗುವ ಕಾರಲ್ಲ. ಟ್ರಯಂಫ್ ಸ್ಪಿಟ್‌ಫೈರ್, ಇಬ್ಬರೇ ಕೂರುವ, ಮಾಡು ಮಡಚಿಟ್ಟು ಓಡಿಸುವ, ನೆಲಕ್ಕೆ ಅಂಟಿಕೊಂಡಂತಿರುವ ಬಿಳಿಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ಬಹಳ ಹಿಂದೆ ಕೊಪ್ಪದ ಕಡೆಯ ಕಾಫಿ ಎಸ್ಟೇಟಿನ ಮ್ಯಾನೇಜರರಿಂದ ಅಲೋಶಿಯಸ್ ತೆಗೆದುಕೊಂಡದ್ದು. ಲೊರ್ನಾ ಕಾಲೇಜಿಗೆ ಹೋಗುತ್ತಿದ್ದ ಕಾಲದಲ್ಲಿ ಅದರ ಎಂಜಿನ್ ಜಾಮ್ ಆಗಿ ನಿಂತಾಗ ಅಪ್ಪ ಮಗಳು ಇಬ್ಬರೇ ಸೇರಿ ಒಂದು ಬೇಸಿಗೆ ರಜೆ ಪೂರ್ತಿ ಅದನ್ನು ಬಿಚ್ಚಿ ಜೋಡಿಸಿದ್ದರು. ವಾಲ್ವುಗಳಿಗೆ ಪೇಸ್ಟ್ ಹಚ್ಚಿ, ಅಂಗೈ ಬೊಕ್ಕೆ ಬರುವಷ್ಟು ಉಜ್ಜಿ ಕೂರಿಸಿದವಳು ಅವಳೇ. ಸಾಯುವ ಮೊದಲು ಅಲೋಶಿಯಸ್ ಆ ಕಾರನ್ನು ಮಗಳ ಹೆಸರಿಗೆ ಮಾಡಿಸಿದ್ದರು. ವಾರಕ್ಕೊಮ್ಮೆ ಸ್ಟಾರ್ಟ್ ಮಾಡುವುದು, ಭಾನುವಾರ ಪೂಜೆ ಮುಗಿದ ಮೇಲೆ ಲೈಟ್‌ಹೌಸಿನ ತನಕ ಒಂದು ಸುತ್ತು ಹೋಗಿ ಬರುವುದು, ಅಷ್ಟು ಅವಳ ಸುಖ. ಈ ಸಲ ಪ್ಲಾಂಟಿನ ಗಡಿಬಿಡಿಯಲ್ಲಿ ಎರಡು ತಿಂಗಳಿಂದ ಶೆಡ್ಡಿನ ಬಾಗಿಲು ತೆಗೆದಿರಲಿಲ್ಲ.

ಲೊರ್ನಾ ಗಂಡನಿಗೆ ಫೋನ್ ಮಾಡಿದಳು.

"ಕಾರು ಎಲ್ಲಿ ಉಂಟು?"

ಆಚೆಯಿಂದ ಜೋವಿನ್ ತಿರುಗಿ ಅವಳನ್ನೇ ಕೇಳಿದ. "ನೀನು ಈಗ ಮನೆಯಲ್ಲಿದ್ದೀಯಾ?"

"ಕೇಳಿದ್ದಕ್ಕೆ ಉತ್ತರ ಕೊಡು."

"ಸರ್ವಿಸಿಗೆ ಕೊಟ್ಟಿದ್ದೇನೆ. ಡೆನ್ವರನ ಹತ್ತಿರ. ನೀನು ಇಲ್ಲಿಗೆ ಬರುವುದು ಬೇಡ ಲೊರ್ನಾ, ಆಯಿತಾ? ನಾನು ಸಂಜೆ ಹೇಳುತ್ತೇನೆ."

ಬರುವುದು ಬೇಡ ಎಂದ ಮೇಲೆ ಅವಳು ಕೂರುವವಳಲ್ಲ. ಸ್ಪ್ಯಾನರನ್ನು ರಿಕ್ಷಾದವನ ಕೈಯಲ್ಲಿ ಮಲ್ಪೆಗೆ ಕಳುಹಿಸಿ, ತಾನು ಸ್ಕೂಟರನ್ನು ಮಣಿಪಾಲದ ಕಡೆ ತಿರುಗಿಸಿದಳು.

ಜೋವಿನ್ ಬಹರೈನಿನ ಅಲ್ಯೂಮಿನಿಯಂ ಕಂಪೆನಿಯೊಂದರಲ್ಲಿ ಅರ್ಧ ಆಯಸ್ಸು ಕಳೆದು ಹಿಂದಿನ ವರ್ಷವಷ್ಟೇ ಊರಿಗೆ ಬಂದು ನೆಲೆಸಿದ್ದ. ಇಲ್ಲಿ ಮಾಡಲು ಕೆಲಸವಿಲ್ಲ. ಪ್ಲಾಂಟಿನಲ್ಲಿ ಕೂರು ಎಂದರೆ ಅಮೋನಿಯಾ ವಾಸನೆಗೆ ತಲೆನೋವು. ಹಾಗಾಗಿ ಮಣಿಪಾಲದ ಹಳೆ ಕಾರುಗಳ ಕ್ಲಬ್ಬಿಗೆ ಸೇರಿದ್ದ. ಅವನ ಅಕ್ಕನ ಮಗ ಡೆನ್ವರ್ ಅಲೆವೂರು ರಸ್ತೆಯಲ್ಲಿ ಗ್ಯಾರೇಜ್ ಇಟ್ಟುಕೊಂಡು, ಕಾಲೇಜು ಹುಡುಗರ ಕಾರುಗಳಿಗೆ ಹೆಚ್ಚು ಓಟ, ಹೆಚ್ಚು ಶಬ್ದ ಬರುವ ಹಾಗೆ ಮಾಡಿಕೊಡುತ್ತಿದ್ದ. ಮಾವ ಸೋದರಳಿಯ ಇಬ್ಬರೂ ಈಚೆಗೆ ಬಹಳ ಗುಸುಗುಸು ಮಾಡುತ್ತಿದ್ದುದನ್ನು ಲೊರ್ನಾ ಕಂಡಿದ್ದಳು. ಹೋಗಲಿ, ಮನುಷ್ಯನಿಗೊಂದು ಹೊತ್ತು ಹೋಗುವ ದಾರಿ ಸಿಕ್ಕಿತಲ್ಲ ಎಂದು ಸುಮ್ಮನಿದ್ದಳು.

ಗ್ಯಾರೇಜಿನಲ್ಲಿ ಸ್ಪಿಟ್‌ಫೈರ್ ಬಾಯಿ ತೆರೆದು ನಿಂತಿತ್ತು. ಆ ಕಾರಿನ ಬಾನೆಟ್ ಮತ್ತು ಮುಂದಿನ ಮಡ್‌ಗಾರ್ಡು ಎಲ್ಲ ಒಂದೇ ತುಂಡು, ಒಟ್ಟಿಗೆ ಮುಂದಕ್ಕೆ ಮಗುಚುತ್ತದೆ. ಒಳಗೆ ಅವಳ ಎಂಜಿನ್ ಇರಬೇಕಾದ ಜಾಗದಲ್ಲಿ ಯಾವುದೋ ಜಪಾನಿ ಕಾರಿನ ದಪ್ಪ ಟರ್ಬೊ ಎಂಜಿನನ್ನು, ಸಣ್ಣ ಪಾತ್ರೆಗೆ ಕುಂಬಳಕಾಯಿ ತುರುಕಿದ ಹಾಗೆ ತುರುಕಿ, ಚೈನಿನಿಂದ ನೇತುಹಾಕಿದ್ದರು. ಅದು ಕೂರಲೆಂದು ಚಾಸಿಸ್ಸಿನ ಒಂದು ಬ್ರಾಕೆಟನ್ನು ಕತ್ತರಿಸಿಯೂ ಆಗಿತ್ತು. ಕತ್ತರಿಸಿದ ಕಡೆ ಕಬ್ಬಿಣ ಹೊಸದಾಗಿ ಹೊಳೆಯುತ್ತಿತ್ತು.

"ಸರ್ಪ್ರೈಸ್ ಹಾಳಾಯ್ತಲ್ಲ ಆಂಟಿ!" ಎಂದು ಡೆನ್ವರ್ ನಗುತ್ತ ಕೈ ಒರೆಸಿಕೊಂಡ.

ಜೋವಿನ್ ಮೂಲೆಯ ಟೈರಿನ ಮೇಲಿಂದ ಎದ್ದು ಬಂದ. "ಮುಂದಿನ ತಿಂಗಳು ನಮ್ಮ ಸಿಲ್ವರ್ ಜುಬಿಲಿ ಅಲ್ವಾ. ಇಗರ್ಜಿಯಿಂದ ಪಾರ್ಟಿ ಹಾಲಿಗೆ ಇದರಲ್ಲೇ ಹೋಗುವ ಅಂತ. ನಿನಗೆ ಹೇಳದೆ ಮಾಡಿಸಬೇಕು ಅಂತ ಆಸೆ ಇತ್ತು ನನಗೆ. ಮೊದಲಿನದಕ್ಕಿಂತ ಎರಡು ಪಟ್ಟು ಪವರ್, ಲೊರ್ನಾ. ಏಸಿ ಸಹ ಬರುತ್ತದೆ."

"ನನ್ನ ಕಾರು," ಎಂದಳು ಲೊರ್ನಾ. ಕಂಪ್ರೆಸರುಗಳ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಾದ ಗಂಟಲು ಅವಳದ್ದು, ಆದರೆ ಆಗ ಧ್ವನಿ ಏಳಲಿಲ್ಲ. "ನನ್ನ ಕಾರನ್ನು ನನ್ನನ್ನು ಕೇಳದೆ ಬಿಚ್ಚಿದಿರಿ."

"ಕೇಳಿದರೆ ಅದು ಸರ್ಪ್ರೈಸ್ ಆಗುವುದು ಹೇಗೆ ಆಂಟಿ?"

"ನೀನು ಬಾಯಿ ಮುಚ್ಚು. ಹಳೆಯ ಎಂಜಿನ್ ಎಲ್ಲಿ?"

ಡೆನ್ವರ್ ಮಾವನ ಮುಖ ನೋಡಿದ. ಮಾವ ನೆಲ ನೋಡಿದ.

"ವೇಸ್ಟ್ ಮಾಡಲಿಲ್ಲ ಆಂಟಿ. ಸುಮ್ಮನೆ ಬಿದ್ದುಕೊಂಡಿತ್ತಲ್ಲ, ಅದಕ್ಕೆ ಟೇಬಲ್ ಮಾಡುವವರಿಗೆ ಕೊಟ್ಟೆ. ಈಗ ಅದೊಂದು ಫ್ಯಾಶನ್. ಎಂಜಿನಿನ ಮೇಲೆ ಗಾಜು ಇಟ್ಟರೆ ಎಷ್ಟು ಚಂದ ಕಾಣುತ್ತದೆ ಗೊತ್ತುಂಟಾ?"

ಲೊರ್ನಾ ಅವನ ಬೆಂಚಿನ ಮೇಲಿದ್ದ ಸಾಮಾನುಗಳನ್ನು ಒಂದೇ ಕೈಯಲ್ಲಿ ಬಾಚಿ ನೆಲಕ್ಕೆ ಎಸೆದಳು. ನಟ್ಟುಗಳು ಗ್ಯಾರೇಜಿನ ಮೂಲೆ ಮೂಲೆಗೆ ಉರುಳಿದವು. ಆಮೇಲೆ ಟೇಬಲ್ ಎಲ್ಲಿದೆ ಎಂದು ಕೇಳಿ, ಡೆನ್ವರನನ್ನು ಅವನದೇ ಪಿಕಪ್ಪಿನಲ್ಲಿ ಕೂರಿಸಿಕೊಂಡು ಹೊರಟಳು. ಜೋವಿನ್ ಹಿಂದಿನ ತೊಟ್ಟಿಯಲ್ಲಿ ಹತ್ತಿ ಕುಳಿತ. ಬಾ ಎಂದು ಅವನನ್ನು ಯಾರೂ ಕರೆದಿರಲಿಲ್ಲ.

ಟೈಗರ್ ಸರ್ಕಲ್ಲಿನಿಂದ ಸ್ವಲ್ಪ ಮುಂದೆ, ಹೊಸದಾಗಿ ತೆರೆದ ಕಾಫಿ ಅಂಗಡಿ ಅದು. ಒಳಗೆ ಏಸಿಯ ತಂಪು, ಮೆಲ್ಲಗೆ ಹಾಡು, ಲ್ಯಾಪ್‌ಟಾಪ್ ತೆರೆದು ಕುಳಿತ ಮೆಡಿಕಲ್ ವಿದ್ಯಾರ್ಥಿಗಳು. ನಟ್ಟನಡುವೆ ಅವಳ ಎಂಜಿನ್ ಇತ್ತು. ಮೈತುಂಬ ಚಿನ್ನದ ಬಣ್ಣ ಬಳಿದಿದ್ದರು. ಮೇಲೆ ದಪ್ಪ ಗಾಜು, ಗಾಜಿನ ಮೇಲೆ ಎರಡು ಕಾಫಿ ಕಪ್ಪು, ಅರ್ಧ ತಿಂದ ಕೇಕು. ತಾನು ಉಜ್ಜಿ ಉಜ್ಜಿ ವಾಲ್ವು ಕೂರಿಸಿದ ಹೆಡ್ಡಿನ ತೂತುಗಳಲ್ಲಿ ಪ್ಲಾಸ್ಟಿಕ್ ಹೂವು ಸಿಕ್ಕಿಸಿದ್ದನ್ನು ಲೊರ್ನಾ ನೋಡಿದಳು.

"ಕಪ್ಪು ಎತ್ತಿಕೊಳ್ಳಿ," ಎಂದಳು ಅಲ್ಲಿ ಕುಳಿತಿದ್ದ ಇಬ್ಬರು ಹುಡುಗಿಯರಿಗೆ.

"ಆಂಟಿ, ನಾವು ಇನ್ನೂ..."

"ಎತ್ತಿಕೊಳ್ಳಿ. ಇದು ನನ್ನ ಎಂಜಿನ್."

ಅವರು ಎತ್ತಿಕೊಂಡರು. ಅಂಗಡಿಯ ಮಾಲಕಿ ಕ್ಯಾರೆನ್ ಎಂಬ ಮೂವತ್ತರ ಹೆಂಗಸು ಕೌಂಟರಿನಿಂದ ಓಡಿ ಬಂದು, ಏನು, ಎಂತ, ನೀವು ಯಾರು ಎಂದು ಒಂದೇ ಉಸಿರಿಗೆ ಕೇಳಿದಳು. ಡೆನ್ವರನ ಮುಖ ಕಂಡು ಅವಳಿಗೆ ಸ್ವಲ್ಪ ಅಂದಾಜಾಯಿತು. ಲೊರ್ನಾ ಅಷ್ಟರಲ್ಲಿ ಸುತ್ತ ಕಣ್ಣು ಹಾಯಿಸಿದ್ದಳು. ಬೇರೆ ಮೇಜುಗಳ ಮೇಲೆ ನಂಬರ್ ಬರೆದು ಇಟ್ಟಿದ್ದು ಅವಳ ಪಿಸ್ಟನ್‌ಗಳು. ಒಂದರಲ್ಲಿ ಐದು, ಒಂದರಲ್ಲಿ ಏಳು, ತೂತು ಕೊರೆದು ಮೆನು ಕಾರ್ಡ್ ಚುಚ್ಚಿದ್ದರು. ಕಿಟಕಿಯ ಪಕ್ಕದ ದೀಪ ನಿಂತಿದ್ದು ಒಂದು ಉಬ್ಬುತಗ್ಗಿನ ಕಬ್ಬಿಣದ ಸರಳಿನ ಮೇಲೆ. ಅದು ಎಂಜಿನಿನ ಕ್ಯಾಮ್‌ಶಾಫ್ಟ್, ಎಂಜಿನ್ ಯಾವಾಗ ಎಷ್ಟು ಉಸಿರೆಳೆದುಕೊಳ್ಳಬೇಕು, ಯಾವಾಗ ಬಿಡಬೇಕು ಎಂದು ನಡೆಸುವ ಸರಳು. ಲೊರ್ನಾ ಮೇಜಿನಿಂದ ಮೇಜಿಗೆ ಹೋಗಿ ಪಿಸ್ಟನ್‌ಗಳನ್ನು ಎತ್ತಿ ಸೆರಗಿನಲ್ಲಿ ಕಟ್ಟಿಕೊಂಡಳು. ದೀಪದ ವೈರ್ ಕಿತ್ತಳು.

"ನನಗೆ ಗೊತ್ತಿರಲಿಲ್ಲ ಆಂಟಿ," ಎಂದಳು ಕ್ಯಾರೆನ್. ಅವಳ ಕಣ್ಣಲ್ಲಿ ನೀರು ಬಂದಿತ್ತು. "ಗುಜರಿ ಸಾಮಾನು ಅಂತ ಹೇಳಿದರು ನನಗೆ."

ಅವಳ ಮೇಲೆ ಸಿಟ್ಟು ಮಾಡಲು ಲೊರ್ನಾಳಿಗೆ ಆಗಲಿಲ್ಲ. ಅದರಿಂದ ಇನ್ನಷ್ಟು ಸಿಟ್ಟು ಬಂತು. "ನಿನಗೆ ಟೇಬಲ್ಲಿಗೆ ಎಂಜಿನ್ ಬೇಕು ತಾನೇ? ನಾಳೆ ಮಲ್ಪೆಯಿಂದ ಬೋಟಿನ ಸತ್ತ ಎಂಜಿನ್ ಕಳುಹಿಸುತ್ತೇನೆ. ಇದಕ್ಕಿಂತ ದೊಡ್ಡದು. ಚಿನ್ನದ ಬಣ್ಣ ಬೇಕಾದರೆ ಬಳಿದುಕೋ," ಎಂದು ಗಾಜಿನ ಒಂದು ಬದಿ ಹಿಡಿದಳು. ಇನ್ನೊಂದು ಬದಿಯನ್ನು ಕ್ಯಾರೆನ್ ಹಿಡಿದಳು. ಆಮೇಲೆ ಎಂಜಿನನ್ನು ಡೆನ್ವರ್, ಜೋವಿನ್ ಮತ್ತು ಇಬ್ಬರು ಮೆಡಿಕಲ್ ಹುಡುಗರು ಏದುಸಿರು ಬಿಡುತ್ತ ಹೊತ್ತು ಪಿಕಪ್ಪಿಗೆ ಹಾಕಿದರು. ಬೋಟಿನ ಎಂಜಿನ್ ಮರುದಿನವೇ ಮಣಿಪಾಲ ತಲುಪಿತು. ಲೊರ್ನಾ ಮಾತು ತಪ್ಪುವವಳಲ್ಲ.

ಮನೆಯಲ್ಲಿ ಆ ಸಂಜೆ ನಡೆದ ಜಗಳ ಪಕ್ಕದ ಮನೆಯ ರೋಸಲಿನ್ ಬಾಯಿಯವರಿಗೆ ಪೂರ್ತಿ ಕೇಳಿಸಿತು.

"ಇಪ್ಪತ್ತೈದು ವರ್ಷದಲ್ಲಿ ನೀನು ನನಗೆ ಇದನ್ನು ಕೊಟ್ಟದ್ದಾ?" ಎಂದಳು ಲೊರ್ನಾ. "ನನ್ನ ವಸ್ತುವನ್ನೇ ಒಡೆದು ನನಗೇ ಉಡುಗೊರೆ?"

ಜೋವಿನ್ ಮೊದಲು ತಪ್ಪಾಯಿತು, ತಪ್ಪಾಯಿತು ಎಂದೇ ಹೇಳುತ್ತಿದ್ದ. ಅವಳು ನಿಲ್ಲಿಸದಿದ್ದಾಗ ಅವನೂ ಕುರ್ಚಿ ತಳ್ಳಿ ಎದ್ದ.

"ಕೇಳಲಿಲ್ಲ, ಕೇಳಲಿಲ್ಲ ಅಂತೀಯಲ್ಲ. ಈ ಮನೆಗೆ ಮೇಲಿನ ಮಾಳಿಗೆ ಕಟ್ಟಿಸುವಾಗ ನನ್ನನ್ನು ಕೇಳಿದ್ದೀಯಾ? ಮಗಳನ್ನು ನರ್ಸಿಂಗಿಗೆ ಸೇರಿಸುವಾಗ ಕೇಳಿದ್ದೀಯಾ? ನನ್ನಮ್ಮನ ತೆಂಗಿನ ಮರ ಕಡಿಸುವಾಗ? ಎಲ್ಲ ಮುಗಿದ ಮೇಲೆ ನನಗೆ ಬಹರೈನಿಗೆ ಫೋಟೋ ಬರುತ್ತಿತ್ತು. ಹೇಗುಂಟು ಅಂತ ನೀನು ಕೇಳುತ್ತಿದ್ದೆ, ಚಂದ ಉಂಟು ಅಂತ ನಾನು ಬರೆಯುತ್ತಿದ್ದೆ. ಒಂದು, ಒಂದೇ ಒಂದು ಕೆಲಸ ನಿನ್ನನ್ನು ಕೇಳದೆ ಮಾಡೋಣ ಅಂತ ನನಗೂ ಅನಿಸಬಾರದಾ?"

ಆ ಮಾತಿನಲ್ಲಿ ಸುಳ್ಳು ಇರಲಿಲ್ಲ. ಆದರೆ ನಿಜವನ್ನು ಅವನು ಇಂಥ ಹೊತ್ತಿನಲ್ಲಿ ಹೊರಗೆ ತೆಗೆದನಲ್ಲ ಎಂದು ಅವಳಿಗೆ ಮೈ ಉರಿಯಿತು. "ಮಾಡಬೇಕಾದದ್ದನ್ನು ಮಾಡಲು ನೀನು ಇಲ್ಲಿ ಇರಲಿಲ್ಲ," ಎಂದಳು. "ಕಾರು ಬಿಚ್ಚುವಾಗ ಕೇಳಲು ನಾನು ಇಲ್ಲೇ ಇದ್ದೆ." ಅಷ್ಟು ಹೇಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ಎಂಜಿನನ್ನು ಕಾರ್ಕಳಕ್ಕೆ ಸಾಗಿಸಿದಳು. ಆನೆಕೆರೆಯ ಹತ್ತಿರ ವಲೇರಿಯನ್ ಎಂಬವರ ಲೇತ್ ಶಾಪ್ ಇತ್ತು. ಅಲೋಶಿಯಸರ ಜೀವದ ಗೆಳೆಯ. ಒಂದು ಕಾಲದಲ್ಲಿ ರೇಸಿನವರ ಎಂಜಿನ್‌ಗಳನ್ನು ಜೋಡಿಸಿ ಹೆಸರು ಮಾಡಿದ್ದವರು, ಈಗಲೂ ಆ ಹೆಸರನ್ನು ತಾವೇ ದಿನಕ್ಕೆ ಹತ್ತು ಸಲ ಹೇಳಿಕೊಳ್ಳುವವರು. ಲೊರ್ನಾ ಅವರನ್ನು ಚಿಕ್ಕಂದಿನಿಂದ ವಲಿ ಬಾಪ್ಪು ಎಂದೇ ಕರೆಯುತ್ತಿದ್ದಳು. ಚಿಕ್ಕಪ್ಪ ಇದ್ದ ಹಾಗೆ.

ವಲೇರಿಯನ್ ಚಿನ್ನದ ಬಣ್ಣವನ್ನು ನೋಡಿ ಹಣೆ ಚಚ್ಚಿಕೊಂಡರು. ಬ್ಲಾಕನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕಿವಿಗೊಟ್ಟು ಕೇಳಿ, ಒಡಕಿಲ್ಲ ಎಂದರು. ಹೆಡ್ ಸರಿಯಾಗಬಹುದು. ಕ್ರ್ಯಾಂಕ್ ಡೆನ್ವರನ ಗ್ಯಾರೇಜಿನ ಹಿಂದೆ ತುಕ್ಕು ಹಿಡಿದು ಸಿಕ್ಕಿತ್ತು, ಅದನ್ನೂ ಅರೆದು ಸರಿಮಾಡಬಹುದು. ತೂತು ಕೊರೆದ ಪಿಸ್ಟನ್‌ಗಳು ಮಾತ್ರ ಇನ್ನು ಮೆನು ಕಾರ್ಡಿಗೇ ಲಾಯಕ್ಕು. ಆಮೇಲೆ ಅವರು ದೀಪದ ಕಂಬವಾಗಿದ್ದ ಕ್ಯಾಮ್‌ಶಾಫ್ಟನ್ನು ಕೈಗೆತ್ತಿಕೊಂಡು, ಬಣ್ಣವನ್ನು ಉಗುರಿನಲ್ಲಿ ಕೆರೆದು, ತುದಿಯಲ್ಲಿದ್ದ ಗುರುತು ನೋಡಿ ಗೊಳ್ಳೆಂದು ನಕ್ಕರು.

"ಓಹೋ, ಇದು ಇನ್ನೂ ಬದುಕಿ ಉಂಟಾ! ನಾನೇ ಹಾಕಿದ್ದು ಮಾರಾಯ್ತಿ ಇದನ್ನು."

"ನೀವಾ? ಎಂಜಿನ್ ಕಟ್ಟಿದ್ದು ನಾನು ಮತ್ತು ಪಪ್ಪ."

"ಅದು ಮೊದಲು. ನಿನ್ನ ಪಪ್ಪ ನಿನಗೆ ಹೇಳಲೇ ಇಲ್ವಾ? ನೀನು ಮಾಳ ಘಾಟಿಯಲ್ಲಿ ಬಸ್ಸುಗಳನ್ನೆಲ್ಲ ಹಿಂದೆ ಹಾಕಿ ಬಂದೆಯಲ್ಲ, ಊರಿಡೀ ಸುದ್ದಿಯಾಗಿತ್ತು. ಅದೇ ವಾರ ಅಲೋಶಿ ಕಾರು ಇಲ್ಲಿಗೆ ತಂದ. 'ಹುಡುಗಿ ಸಾಯ್ತಾಳೆ ವಲಿ, ಇದರ ಕೊಬ್ಬು ಸ್ವಲ್ಪ ಇಳಿಸಿಕೊಡು' ಅಂದ. ನೀವು ಹಾಕಿದ್ದು ಒಳ್ಳೆ ಬಿಸಿ ಕ್ಯಾಮ್, ರೇಸಿನವರು ಹಾಕುವಂಥದ್ದು. ಅದನ್ನು ತೆಗೆದು ಈ ಮೆತ್ತಗಿನದ್ದನ್ನು ಹಾಕಿದೆ. ಎಂಜಿನಿಗೆ ಮೂಗು ಹಿಡಿದ ಹಾಗೆ! ನಿನಗೆ ಗೊತ್ತೇ ಆಗಲಿಲ್ಲ ಅಂತ ನಾವಿಬ್ಬರು ಎಷ್ಟು ನಗಾಡಿದ್ದೇವೆ."

ಲೊರ್ನಾಳಿಗೆ ನೆನಪಾಯಿತು. ಘಾಟಿಯಿಂದ ಬಂದ ವಾರ ಕಾರಿಗೆ ಗ್ಯಾಸ್ಕೆಟ್ ಹೋಗಿದೆ ಎಂದು ಪಪ್ಪ ಒಯ್ದಿದ್ದು. ಹಿಂದೆ ತಂದ ಮೇಲೆ ಅದು ಮೊದಲಿನಂತೆ ಹಾರದೆ, ಮೇಲಿನ ಗತಿಗೆ ಹೋದಾಗ ದಣಿದ ಹಾಗೆ ಮಾಡಿದ್ದು. "ಎಂಜಿನಿಗೆ ವಯಸ್ಸಾಯಿತು ಲೊರ್ನಾ, ಇನ್ನು ಮೆಲ್ಲಗೆ ಓಡಿಸು," ಎಂದು ಪಪ್ಪ ಮುಖ ಸಣ್ಣ ಮಾಡಿ ಹೇಳಿದ್ದು. ಅವಳು ನಂಬಿದ್ದಳು. ಮದುವೆಯಾಗಿ, ಮಗಳು ಹುಟ್ಟಿ, ತಲೆಕೂದಲು ನರೆಯಲು ಶುರುವಾದರೂ, ಭಾನುವಾರ ಭಾನುವಾರ ಆ ಎಂಜಿನನ್ನು ಮುದುಕರ ಕೈ ಹಿಡಿದು ರಸ್ತೆ ದಾಟಿಸುವ ಹಾಗೆ ಓಡಿಸಿದ್ದಳು.

"ತೆಗೆದ ಕ್ಯಾಮ್ ಎಂತ ಮಾಡಿದಿರಿ?"

"ಅದಾ? ಮದ್ರಾಸಿಗೆ ರೇಸಿಗೆ ಹೋಗುವ ಒಬ್ಬ ಹುಡುಗನಿಗೆ ಕೊಟ್ಟೆವು. ಒಳ್ಳೆ ಓಡಿಸ್ತಿದ್ದ ಅವನು."

ಲೊರ್ನಾ ಅವರ ಕೈಯಿಂದ ಕ್ಯಾಮ್‌ಶಾಫ್ಟನ್ನು ಕಿತ್ತುಕೊಂಡು ವೈಸಿನ ಮೇಲೆ ಬಡಿದಳು. ಬೀಡುಕಬ್ಬಿಣ, ಎರಡು ತುಂಡಾಯಿತು. ಲೇತಿನ ಮೇಲಿದ್ದವರು ಕೆಲಸ ನಿಲ್ಲಿಸಿ ನೋಡಿದರು.

"ಏ ಲೊರ್ನಾ! ನಿನ್ನ ಒಳ್ಳೆಯದಕ್ಕೇ ಅಲ್ವಾ ಮಾಡಿದ್ದು?" ವಲೇರಿಯನ್ನರ ನಗು ಇಂಗಿತ್ತು.

"ಎಲ್ಲರೂ ಹಾಗೆಯೇ ಹೇಳುವುದು," ಎಂದು ಅವಳು ಹೊರಗೆ ಬಂದಳು.

ಕಾರ್ಕಳದಿಂದ ಕಾಪುವಿಗೆ ಬಂದವಳು ನೇರ ಮನೆಗೆ ಹೋಗಲಿಲ್ಲ. ಇಗರ್ಜಿಯ ಹಿಂದಿನ ಸಿಮಿತ್ರಿಗೆ ಹೋಗಿ, ಅಲೋಶಿಯಸರ ಸಮಾಧಿಯ ಮುಂದೆ ಚಪ್ಪಲಿ ಬಿಡದೆಯೇ ನಿಂತಳು. ಮೇಣದ ಬತ್ತಿ ತಂದಿರಲಿಲ್ಲ. ಪ್ರಾರ್ಥನೆ ನಾಲಗೆಗೆ ಬರಲಿಲ್ಲ.

"ಹೆದರಿಕೆಯಾಗಿದ್ದರೆ ಕೀ ಕಿತ್ತುಕೊಳ್ಳಬಹುದಿತ್ತು ಪಪ್ಪಾ," ಎಂದಳು ಗಟ್ಟಿಯಾಗಿಯೇ. "ಕೆನ್ನೆಗೆ ಎರಡು ಬಾರಿಸಬಹುದಿತ್ತು. ನಾನು ಅಳುತ್ತಿದ್ದೆ, ಜಗಳ ಮಾಡುತ್ತಿದ್ದೆ, ಮತ್ತೆ ಸರಿಯಾಗುತ್ತಿತ್ತು. ನನ್ನ ಕೈಯಲ್ಲೇ ವಾಲ್ವು ಉಜ್ಜಿಸಿ, ನನ್ನ ಬೆನ್ನ ಹಿಂದೆ ಎಂಜಿನಿನ ಕತ್ತು ಹಿಸುಕಿದಿರಲ್ಲ. ಸುಳ್ಳು ಹೇಳಿದ್ದು ಯಾಕೆ? ಆ ಹುಡುಗ ಸತ್ತರೆ ಪರವಾಗಿಲ್ಲವಾ ನಿಮಗೆ?"

ಹೂವಿಗೆ ನೀರು ಹಾಕುತ್ತಿದ್ದ ಕೆಲಸದ ವಾರಿಜಾ ಕೊಡಪಾನ ಇಟ್ಟು, "ಎಂತಾಯ್ತು ಬಾಯಿ?" ಎಂದು ಕೇಳಿದಳು. "ಏನಿಲ್ಲ," ಎಂದಳು ಲೊರ್ನಾ. ಅಲ್ಲಿ ಮಲಗಿದವರ ಮೇಲೆ ಸಿಟ್ಟು ಮಾಡಬಾರದೆಂದು ಚಿಕ್ಕಂದಿನಲ್ಲಿ ಕಲಿಸಿದ್ದರು. ಅದನ್ನು ಕಲಿಸಿದವರೂ ಪಪ್ಪನೇ.

ಮೇ ತಿಂಗಳಲ್ಲಿ ಸಿಲ್ವರ್ ಜುಬಿಲಿ ಬಂತು. ಹಾಲ್, ಬ್ಯಾಂಡ್, ಕೇಕ್ ಎಲ್ಲವನ್ನೂ ಲೊರ್ನಾ ಬೇಡವೆಂದಳು. ಪೂಜೆಗೆ ಮಾತ್ರ ಹೋದರು. ಪಾದ್ರಿಗಳು ಇಬ್ಬರ ಕೈ ಒಂದರ ಮೇಲೊಂದು ಇಡಿಸಿದಾಗ ಅವಳು ಕೈ ಹಿಂದಕ್ಕೆ ತೆಗೆಯಲಿಲ್ಲ, ಆದರೆ ಅವನ ಕಡೆ ನೋಡಲೂ ಇಲ್ಲ. ಮಂಗಳೂರಿನ ನರ್ಸಿಂಗ್ ಕಾಲೇಜಿನಿಂದ ಬಂದಿದ್ದ ಮಗಳು ಜೆನಿಟಾ ಇಬ್ಬರ ನಡುವೆ ಕುಳಿತು ಊಟ ಮಾಡಿದಳು.

ಅದಾಗಿ ಕೆಲವು ದಿನಕ್ಕೆ ವಲೇರಿಯನ್ ಫೋನ್ ಮಾಡಿದರು. ಒಳಗಿನದು ಹೇಗೂ ಎಲ್ಲ ಹೊಸತು ಹಾಕಬೇಕು, ಪಿಸ್ಟನ್ ಇಂಗ್ಲೆಂಡಿನಿಂದ ತರಿಸಬೇಕು, ಎಂಥ ಎಂಜಿನ್ ಬೇಕೆಂದು ಬಂದು ತೀರ್ಮಾನ ಮಾಡಿ ಎಂದರು. ಲೊರ್ನಾ ಹೋದಳು. ಜೋವಿನ್ ತಾನೂ ಬರಲಾ ಎಂದು ಕೇಳಿದ. ಅವಳು ಭುಜ ಹಾರಿಸಿದಳು. ಅಲ್ಲಿ ನೋಡಿದರೆ ಡೆನ್ವರನೂ ಬಂದು ಕೂತಿದ್ದ.

ವಲೇರಿಯನ್ ಗಂಟಲು ಸರಿಮಾಡಿಕೊಂಡು ಜೋವಿನನ ಕಡೆ ತಿರುಗಿ ಶುರುಮಾಡಿದರು. "ನನ್ನನ್ನು ಕೇಳಿದರೆ ಕಂಪೆನಿಯಿಂದ ಬಂದ ಹಾಗೆ, ಮೆತ್ತಗೆ ಕಟ್ಟುವ. ನಿಮ್ಮ ವಯಸ್ಸಿಗೆ ಅದು ಸಾಕು. ಟ್ರಾಫಿಕ್ಕಿನಲ್ಲಿ ಬಿಸಿಯಾಗುವುದಿಲ್ಲ, ತಳ್ಳಬೇಕಾಗಿ ಬರುವುದಿಲ್ಲ."

"ಆ ಎಂಜಿನಿಗೆ ಅಷ್ಟು ಕಷ್ಟಪಡುವುದಕ್ಕಿಂತ ನನ್ನ ಟರ್ಬೊ ರೆಡಿ ಉಂಟು," ಎಂದ ಡೆನ್ವರ್. ಹುಡುಗನಿಗೆ ಛಲವಿತ್ತು, ಅದನ್ನು ಒಪ್ಪಬೇಕು. "ಆಂಟಿ, ಸಿಟ್ಟು ಬಿಟ್ಟು ಒಮ್ಮೆ ಕೇಳಿ. ಎರಡು ಪಟ್ಟು ಪವರ್. ಬೆಳಿಗ್ಗೆ ಕೀ ತಿರುಗಿಸಿದರೆ ಸ್ಟಾರ್ಟ್. ನಾನು ತಪ್ಪು ಮಾಡಿದ್ದು ಕೇಳದೆ ಮಾಡಿದ್ದರಲ್ಲಿ, ಎಂಜಿನ್ ಆರಿಸಿದ್ದರಲ್ಲಿ ಅಲ್ಲ."

"ಆ ಭಾರ ಮುಂದೆ ಕೂತರೆ ಕಾರು ತಿರುಗುವುದಾ?" ಎಂದಳು ಲೊರ್ನಾ. "ಹಿಂದಿನ ಆಕ್ಸಲ್ ಆ ಪವರನ್ನು ತಡೆಯುವುದಾ? ತಿರುವಿನಲ್ಲಿ ಹಿಂದಿನ ಚಕ್ರ ಒಳಗೆ ಮಡಚಿದರೆ ಯಾರು ಹೊಣೆ? ಆಮೇಲೆ ಆಕ್ಸಲ್ ಬದಲಿಸು, ಗೇರ್‌ಬಾಕ್ಸ್ ಬದಲಿಸು, ಬ್ರೇಕ್ ಬದಲಿಸು ಅನ್ನುತ್ತೀಯ. ಕೊನೆಗೆ ನನ್ನದು ಅಂತ ಉಳಿಯುವುದು ನಂಬರ್ ಪ್ಲೇಟು."

ಆಗ ಜೋವಿನ್ ಮೆಲ್ಲಗೆ, "ಪಪ್ಪನ ನೆನಪಿಗೆ, ಮೊದಲು ಹೇಗಿತ್ತೋ ಹಾಗೆಯೇ..." ಎಂದ.

"ಪಪ್ಪನ ನೆನಪು ಅಂತ ಇಲ್ಲಿ ಇನ್ನೊಮ್ಮೆ ಯಾರಾದರೂ ಹೇಳಿದರೆ ನೋಡಿ!" ಈ ಸಲ ಅವಳ ಗಂಟಲು ಐಸ್ ಪ್ಲಾಂಟಿನದ್ದೇ. ಜೋವಿನ್ ಬೆಚ್ಚಿದ. ಅವನಿಗೆ ಕ್ಯಾಮಿನ ವಿಷಯ ಗೊತ್ತಿರಲಿಲ್ಲ. ಲೊರ್ನಾ ಅವನಿಗೆ ಹೇಳಿರಲಿಲ್ಲ. ಈಗ ಎಲ್ಲರ ಎದುರಿಗೆ, ವಲೇರಿಯನ್ನರ ಮುಖ ನೋಡಿಕೊಂಡೇ ಹೇಳಿದಳು. ಘಾಟಿ, ಗ್ಯಾಸ್ಕೆಟಿನ ಸುಳ್ಳು, ರೇಸಿನ ಹುಡುಗ, ಎಲ್ಲ. ಹೇಳುತ್ತ ಹೇಳುತ್ತ ಅವಳ ಕಣ್ಣು ಕೆಂಪಾಯಿತು, ಆದರೆ ಅವಳು ಅಳಲಿಲ್ಲ.

ಜೋವಿನ್ ಅವಳ ಕಡೆ ತಿರುಗಿ, "ನಿನಗೆ ಹೇಗೆ ಬೇಕು ಲೊರ್ನಾ?" ಎಂದು ಕೇಳಿದ. ಇಷ್ಟು ದಿನದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

"ನನ್ನದೇ ಬ್ಲಾಕ್. ಎಷ್ಟು ಬೋರ್ ಮಾಡಲು ಆಗುತ್ತದೋ ಅಷ್ಟು ಮಾಡಿ. ಫೋರ್ಜ್ ಮಾಡಿದ ಪಿಸ್ಟನ್. ಹೆಡ್ಡನ್ನು ಕೆರೆದು ಕಂಪ್ರೆಶನ್ ಏರಿಸಿ, ದೊಡ್ಡ ವಾಲ್ವು ಹಾಕಿ. ಫ್ಲೈವೀಲ್ ಹಗುರ ಮಾಡಿ. ದೊಡ್ಡ ಕಾರ್ಬೊರೇಟರ್ ಎರಡು. ಕ್ಯಾಮ್ ಮಾತ್ರ, ಸಿಗುವುದರಲ್ಲಿ ಅತ್ಯಂತ ಬಿಸಿಯಾದದ್ದು. ಪಪ್ಪ ತೆಗೆಸಿದ್ದಕ್ಕಿಂತಲೂ ಬಿಸಿ."

"ಅದು ನಿಂತಲ್ಲಿ ನಿಲ್ಲುವುದಿಲ್ಲ ಮಾರಾಯ್ತಿ," ಎಂದರು ವಲೇರಿಯನ್. "ಕೆಳಗಿನ ಗತಿಯಲ್ಲಿ ದಮ್ಮೇ ಇರುವುದಿಲ್ಲ. ಸಿಗ್ನಲಿನಲ್ಲಿ ಆಫ್ ಆಗುತ್ತದೆ. ಭಾನುವಾರ ಲೈಟ್‌ಹೌಸಿಗೆ ಹೋಗಿ ಬರಲು ಅಂ‌ಥ ಎಂಜಿನ್ ಯಾರು ಕಟ್ಟುತ್ತಾರೆ?"

"ನಾನು ಕಟ್ಟುತ್ತೇನೆ. ವಾಲ್ವು ನಾನೇ ಉಜ್ಜುತ್ತೇನೆ. ಹೆಡ್ ಮುಚ್ಚುವಾಗ ನಾನು ಇಲ್ಲದಿದ್ದರೆ ಒಂದು ನಟ್ಟೂ ತಿರುಗಿಸಬಾರದು. ಮತ್ತೆ ಬಾಪ್ಪು, ಇನ್ನು ಮುಂದೆ ನನ್ನ ಕಾರಿನ ಮಾತನ್ನು ನನ್ನ ಮುಖ ನೋಡಿ ಆಡಿ."

ವಲೇರಿಯನ್ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಆಯಿತು," ಎಂದರು, ಅವಳ ಮುಖ ನೋಡಿ.

ಮೀನುಗಾರಿಕೆಗೆ ರಜೆ ಬಿದ್ದು ಮಲ್ಪೆ ಬಂದರು ಖಾಲಿಯಾದ ಮಳೆಗಾಲದಲ್ಲಿ ಅವಳಿಗೆ ಪ್ಲಾಂಟಿನ ಕೆಲಸ ಕಡಿಮೆ. ವಾರಕ್ಕೆರಡು ಸಲ ಕಾರ್ಕಳಕ್ಕೆ ಹೋಗಿ ಬರುತ್ತಿದ್ದಳು. ಕತ್ತರಿಸಿದ ಬ್ರಾಕೆಟನ್ನು ಡೆನ್ವರನ ಕೈಯಲ್ಲೇ ಹಿಂದಿನಂತೆ ವೆಲ್ಡ್ ಮಾಡಿಸಿ, ಸರಿಯಾಗದ್ದಕ್ಕೆ ಎರಡು ಸಲ ಕಿತ್ತು ಮತ್ತೆ ಮಾಡಿಸಿದಳು. ಜೋವಿನ್ ತನ್ನ ಕಾರು ಓಡಿಸಿಕೊಂಡು ಜೊತೆಗೆ ಬರುತ್ತಿದ್ದ, ಶಾಪಿನ ಹೊರಗೆ ಕೊಡೆ ಹಿಡಿದು ಸಿಗರೇಟು ಸೇದುತ್ತಿದ್ದ. ಒಂದು ದಿನ ಅವಳು ಒಳಗಿನಿಂದ, "ಈ ಸ್ಪ್ರಿಂಗನ್ನು ಒತ್ತಿ ಹಿಡಿಯಲು ಒಂದು ಕೈ ಬೇಕು," ಎಂದು ಕರೆದಳು. ಅವನು ಸಿಗರೇಟು ಬಿಸಾಡಿ ಓಡಿದ.

ವಲೇರಿಯನ್ ಹೇಳಿದ್ದು ಸುಳ್ಳಾಗಲಿಲ್ಲ. ಎಂಜಿನ್ ಕೂರಿಸಿ ಮೊದಲ ಸಲ ಕಾರನ್ನು ಉಡುಪಿಗೆ ಒಯ್ದಾಗ ಕಲ್ಸಂಕದ ಸಿಗ್ನಲಿನಲ್ಲಿ ಎಂಜಿನ್ ಕೆಮ್ಮಿ ಕೆಮ್ಮಿ ನಿಂತಿತು. ಹಿಂದೆ ಎಕ್ಸ್‌ಪ್ರೆಸ್ ಬಸ್ಸಿನವನು ಹಾರ್ನಿನ ಮೇಲಿಂದ ಕೈಯೇ ತೆಗೆಯಲಿಲ್ಲ. "ಓಡಿಸಲು ಬಾರದಿದ್ದರೆ ಮನೆಯಲ್ಲಿ ಕೂರಿ ಬಾಯಿ!" ಎಂದು ಕಂಡಕ್ಟರ್ ಕೂಗಿದ. ಲೊರ್ನಾ ಕೂಗಿ ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವ ಹಾಗಿಲ್ಲ. ಎಂಜಿನ್ ಮತ್ತೆ ಹಿಡಿದುಕೊಂಡಾಗ ಅದು ಗುಟುರು ಹಾಕಿದ ಸದ್ದಿಗೆ ಫುಟ್‌ಪಾತಿನ ಜನ ತಿರುಗಿ ನೋಡಿದರು. ಅಂಬಲಪಾಡಿ ದಾಟಿ ಹೈವೇಗೆ ಬಿದ್ದ ಮೇಲೆ ಅವಳು ಪೆಡಲನ್ನು ತಳಕ್ಕೆ ಒತ್ತಿದಳು. ಘಾಟಿಯ ಆ ದಿನದ ಎಂಜಿನ್ ಅಲ್ಲ ಅದು. ಅದಕ್ಕಿಂತ ಒರಟು, ಅದಕ್ಕಿಂತ ಹಸಿದದ್ದು. ಉದ್ಯಾವರದ ಸೇತುವೆ ಬರುವ ಹೊತ್ತಿಗೆ ತಾನು ಹಲ್ಲು ಕಚ್ಚಿಕೊಂಡಿದ್ದೇನೆಂದು ಅವಳಿಗೆ ಗೊತ್ತಾಯಿತು.

ಡಿಸೆಂಬರಿನಲ್ಲಿ ಕ್ಲಬ್ಬಿನವರು ಕಾರ್ಕಳದಾಚೆ, ಕಲ್ಲುಕೋರೆಯವರ ಖಾಸಗಿ ಏರುರಸ್ತೆಯಲ್ಲಿ ಓಟದ ಪಂದ್ಯ ಇಟ್ಟರು. ಒಬ್ಬೊಬ್ಬರೇ ಗುಡ್ಡದ ತುದಿಗೆ ಓಡಿಸಬೇಕು, ಕಡಿಮೆ ಹೊತ್ತಿನಲ್ಲಿ ತಲುಪಿದವರು ಗೆದ್ದ ಹಾಗೆ. ಸ್ಪಿಟ್‌ಫೈರ್ ಸಾಲಿನಲ್ಲಿ ನಿಂತಿತ್ತು. ಲೊರ್ನಾ ಬಗ್ಗಿ ಪ್ಲಗ್ಗಿನ ವೈರ್ ನೋಡುತ್ತಿದ್ದಳು, ಜೋವಿನ್ ಪಕ್ಕದಲ್ಲಿ ಹೆಲ್ಮೆಟ್ ಹಿಡಿದು ನಿಂತಿದ್ದ. ಹೆಸರು ಬರೆದುಕೊಳ್ಳುತ್ತಿದ್ದ ಬ್ರ್ಯಾಂಡನ್ ಎಂಬವನು ಬಂದು, "ಡ್ರೈವರ್ ಜೋವಿನ್ ಅಂಕಲ್, ಅಲ್ವಾ? ಎಂಜಿನ್ ಎಂತ ಹಾಕಿಸಿದ್ದೀರಿ?" ಎಂದು ಅವನನ್ನೇ ಕೇಳಿದ.

ಲೊರ್ನಾ ತಲೆ ಎತ್ತಿದಳು. ಬಾಯಿ ತೆರೆಯುವಷ್ಟರಲ್ಲಿ ಜೋವಿನ್ ಹೇಳಿದ:

"ನನ್ನನ್ನು ಕೇಳಬೇಡ ಮಾರಾಯ. ಕಾರು ಅವಳದ್ದು, ಎಂಜಿನ್ ಅವಳು ಆರಿಸಿದ್ದು, ಓಡಿಸುವುದೂ ಅವಳೇ. ಅವಳನ್ನೇ ಕೇಳು."

ಸ್ಪರ್ಧೆಯಲ್ಲಿ ಅವಳು ಗೆಲ್ಲಲಿಲ್ಲ. ಎರಡನೇ ತಿರುವಿನಲ್ಲಿ ಗೇರು ತಪ್ಪಿತು, ಕ್ಯಾಮಿಗೆ ಬೇಕಾದ ಗತಿಯಿಂದ ಎಂಜಿನ್ ಕೆಳಗೆ ಬಿತ್ತು, ಮತ್ತೆ ದಮ್ಮು ಹಿಡಿಯುವುದರೊಳಗೆ ಹೊತ್ತು ಹೋಗಿತ್ತು. ಡೆನ್ವರ್ ತನ್ನ ಟರ್ಬೊವನ್ನು ಬೇರೆ ಕಾರಿಗೆ ಹಾಕಿಕೊಂಡು ಬಂದಿದ್ದ. ಅವನು ಅವಳಿಗಿಂತ ಬಹಳ ಕಡಿಮೆ ಹೊತ್ತಿನಲ್ಲಿ ತುದಿ ತಲುಪಿದ್ದ. ಕೆಳಗೆ ಇಳಿದು ಬಂದವಳು ಹೆಲ್ಮೆಟ್ ತೆಗೆದು ಸೀಟಿಗೆ ಎಸೆದು, ಗೇರ್ ಲಿವರಿಗೆ, ತನ್ನ ಎಡಗೈಗೆ, ಗುಡ್ಡಕ್ಕೆ ಎಲ್ಲಕ್ಕೂ ಬೈದಳು. ಮುಖವೆಲ್ಲ ಕೆಂಪು ಧೂಳು. ಜೋವಿನ್ ನೀರಿನ ಬಾಟಲಿ ಕೊಟ್ಟ. ಅವಳು ಅರ್ಧ ಕುಡಿದು, ಉಳಿದರ್ಧವನ್ನು ತಲೆಗೆ ಸುರಿದುಕೊಂಡಳು.

"ಇನ್ನೊಂದು ಸಲ ಹೋಗಬಹುದಾ ಕೇಳಿ ಬಾ," ಎಂದಳು.

"ಕೇಳಿದೆ. ಬಿಡ್ತಾರಂತೆ." ಸ್ವಲ್ಪ ತಡೆದು ಅವನು ಕಾರಿನ ಬಾಗಿಲಿನ ಮೇಲೆ ಕೈಯಿಟ್ಟ. "ಲೊರ್ನಾ, ನೀನು ಹೋಗಿ ಬಂದ ಮೇಲೆ ನಾನೊಮ್ಮೆ ಓಡಿಸಲಾ?"

ಲೊರ್ನಾ ಅವನನ್ನು ನೋಡಿದಳು. ಬಿಸಿಲಿಗೆ ಅವನ ಮೂಗಿನ ತುದಿ ಸುಟ್ಟಿತ್ತು.

"ಬೇಡ," ಎಂದಳು.

"ಆಯಿತು," ಎಂದು ಅವನು ಕೈ ತೆಗೆದ.

ಅವಳು ಹೆಲ್ಮೆಟ್ ಹಾಕಿಕೊಂಡು ಕೀ ತಿರುಗಿಸಿದಳು. ಎಂಜಿನ್ ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿ ಹಿಡಿದುಕೊಂಡಿತು. ಅದು ಆರದ ಹಾಗೆ ಪೆಡಲನ್ನು ಒತ್ತುತ್ತ ಅವಳು ಸಾಲಿನ ಕೊನೆಗೆ ಹೋಗಿ ನಿಂತಳು.